ಜಾಮ್ ಆದ ಹ್ಯಾಂಡಲ್ ಲಾಕ್: ಕೀಗೆ ಬಲ ಹಾಕುವ ಮೊದಲು ತಿಳಿಯಬೇಕಾದದ್ದು

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಆರಿದ್ರಾ ಮಳೆಗೆ ಮುಂಚೆ ಶೆಡ್ಡಿಗೆ ಸೇರಿದ ಹಳೆಯ ಬೈಕು ದೀಪಾವಳಿಯ ಹೊತ್ತಿಗೆ ಹೊರಬರುವಾಗ, ಎಂಜಿನ್‌ಗಿಂತ ಮೊದಲು ಕೈಕೊಡುವುದು ಹ್ಯಾಂಡಲ್ ಲಾಕ್. ಕೀ ತಿರುಗದಿದ್ದರೆ ಇಕ್ಕಳ ಹಿಡಿದು ತಿರುಗಿಸುವುದು, ಅದೂ ಆಗದಿದ್ದರೆ ಹ್ಯಾಂಡಲನ್ನೇ ಜೋರಾಗಿ ಎಳೆದು ಲಾಕ್ ಮುರಿಯುವುದು ಹಲವರ ರೂಢಿ. ಮೊದಲನೆಯದರಿಂದ ಕೀ ಮುರಿಯುತ್ತದೆ, ಎರಡನೆಯದರಿಂದ ಚಾಸಿಯ ಕುತ್ತಿಗೆಯೇ ಪೆಟ್ಟು ತಿನ್ನಬಹುದು. ಲಾಕ್ ಎಲ್ಲಿ ಹಿಡಿದುಕೊಂಡಿದೆ ಎಂಬುದನ್ನು ಕಂಡುಕೊಂಡ ಬಳಿಕವೇ ಕೈಹಾಕಬೇಕು ಎಂಬುದು ಈ ಟಿಪ್ಪಣಿಯ ಮುಖ್ಯ ಮಾತು.

ಹಳೆಯ ಬುಲೆಟ್, ಯೆಜ್ಡಿಗಳಲ್ಲಿ ಹ್ಯಾಂಡಲ್ ಲಾಕ್ ಚಾಸಿಯ ಕುತ್ತಿಗೆಯ ಬಳಿ ಪ್ರತ್ಯೇಕವಾಗಿರುತ್ತದೆ. ಅನಂತರದ ಅನೇಕ ಬೈಕುಗಳಲ್ಲಿ ಅದು ಇಗ್ನಿಷನ್ ಸ್ವಿಚ್ಚಿನೊಡನೆ ಒಂದಾಗಿದೆ. ಎರಡರಲ್ಲಿಯೂ ತತ್ತ್ವ ಒಂದೇ. ಸಾಮಾನ್ಯವಾಗಿ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಕವಚದೊಳಗೆ ಒಂದು ಸಿಲಿಂಡರ್ ತಿರುಗುತ್ತದೆ. ಅದರಲ್ಲಿ ಸಾಲಾಗಿ ಕುಳಿತ ಹಿತ್ತಾಳೆಯ ತೆಳು ಬಿಲ್ಲೆಗಳನ್ನು ಪುಟ್ಟ ಸ್ಪ್ರಿಂಗುಗಳು ಹೊರಕ್ಕೆ ತಳ್ಳಿ ಕವಚದ ಒಳಮೈಯ ಕೊರಕಲಿಗೆ ಸಿಕ್ಕಿಸಿರುತ್ತವೆ. ಸರಿಯಾದ ಕೀ ಒಳಹೋದಾಗ ಅದರ ಕಚ್ಚುಗಳು ಬಿಲ್ಲೆಗಳನ್ನೆಲ್ಲ ಸಿಲಿಂಡರಿನ ಮೈಮಟ್ಟಕ್ಕೆ ಎಳೆದುಕೊಳ್ಳುವುದರಿಂದ ಸಿಲಿಂಡರ್ ತಿರುಗಿ, ತೂತೊಂದಕ್ಕೆ ಹೊಕ್ಕು ಹ್ಯಾಂಡಲನ್ನು ಹಿಡಿದಿಟ್ಟಿರುವ ಅದರ ತುದಿಯ ಉಕ್ಕಿನ ನಾಲಗೆಯನ್ನು ಹಿಂದಕ್ಕೆ ಸೆಳೆಯುತ್ತದೆ. ಆದ್ದರಿಂದ ಅಡಚಣೆ ಇರಬಹುದಾದ ಜಾಗಗಳು ಮೂರೇ: ಬಿಲ್ಲೆಗಳು, ಸಿಲಿಂಡರ್, ನಾಲಗೆ.

ಕೀ ಪೂರ್ತಿ ಒಳಗೆ ಹೋಗದಿದ್ದರೆ ಕೀ ತೂತಿನಲ್ಲಿ ಮಣ್ಣು ಗಟ್ಟಿಯಾಗಿದೆ. ಪೂರ್ತಿ ಹೋದರೂ ಕೂದಲೆಳೆಯಷ್ಟೂ ತಿರುಗದಿದ್ದರೆ ಒಂದೆರಡು ಬಿಲ್ಲೆಗಳು ಅಂಟಿವೆ, ಇಲ್ಲವೇ ಸಿಲಿಂಡರೇ ಕವಚಕ್ಕೆ ಹಿಡಿದಿದೆ, ಇಲ್ಲವೇ ಕೀಯ ಕಚ್ಚುಗಳು ಸವೆದಿವೆ. ಸ್ವಲ್ಪ ತಿರುಗಿ, ಆಮೇಲೆ ಯಾರೋ ಒಳಗಿನಿಂದ ತಡೆದಂತೆ ನಿಂತುಬಿಟ್ಟರೆ ಸಿಲಿಂಡರ್ ಸರಿಯಿದೆ, ತಪ್ಪು ನಾಲಗೆಯದು. ಈ ಮೂರನೆಯ ಸ್ಥಿತಿಯಲ್ಲಿ ಅನೇಕ ಸಲ ಎಣ್ಣೆಯೇ ಬೇಕಾಗುವುದಿಲ್ಲ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಬೈಕಿನ ಮುಂಭಾಗದ ಭಾರ ಹ್ಯಾಂಡಲನ್ನು ಒಂದೇ ಕಡೆಗೆ ದೂಡುತ್ತಿರುವುದರಿಂದ ನಾಲಗೆ ತೂತಿನ ಅಂಚಿಗೆ ಒತ್ತಿಕೊಂಡಿರುತ್ತದೆ. ಬೈಕನ್ನು ನಡುಸ್ಟ್ಯಾಂಡಿಗೆ ಏರಿಸಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಎಡಗೈಯಲ್ಲಿ ಹ್ಯಾಂಡಲನ್ನು ಅತ್ತಿತ್ತ ನವಿರಾಗಿ ಅಲುಗಿಸುತ್ತ ಬಲಗೈಯ ಎರಡೇ ಬೆರಳುಗಳಿಂದ ಕೀ ತಿರುಗಿಸಬೇಕು. ಒತ್ತಡ ಶೂನ್ಯವಾಗುವ ಒಂದು ಬಿಂದುವಿನಲ್ಲಿ ನಾಲಗೆ ‘ಟಕ್’ ಎಂದು ಹಿಂದೆ ಸರಿಯುತ್ತದೆ.

ಕಾರಣ ಊರಿಂದ ಊರಿಗೆ ಬೇರೆಯಾಗುತ್ತದೆ ಎಂಬುದಕ್ಕೆ ಹಾಸನ ಜಿಲ್ಲೆಯೇ ಒಳ್ಳೆಯ ಪಾಠ. ಅರಸೀಕೆರೆ ಕಡೆಯ ಒಣ ಹವೆಯಲ್ಲಿ ನುಣ್ಣನೆಯ ಧೂಳು ಹಳೆಯ ಎಣ್ಣೆಯೊಡನೆ ಬೆರೆತು ಬಿಲ್ಲೆಗಳ ನಡುವೆ ಕಪ್ಪು ಅಂಟಾಗುತ್ತದೆ. ಅಲ್ಲಿ ಮತ್ತಷ್ಟು ಎಣ್ಣೆ ಸುರಿಯುವುದು ಅಂಟನ್ನು ಹೆಚ್ಚಿಸಿದಂತೆ, ಮೊದಲು ತೊಳೆಯಬೇಕು. ಸಕಲೇಶಪುರದ ಜಡಿಮಳೆಯ ಕಡೆ ಸತುವಿನ ಮೇಲೆ ಬಿಳಿ ಪುಡಿಯೂ ಉಕ್ಕಿನ ಮೇಲೆ ತುಕ್ಕೂ ಬೆಳೆಯುತ್ತವೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ನಾಲಗೆಯ ಸುತ್ತಲಿನ ಕಿರಿದಾದ ಸಂದು ತುಂಬಿ ಬಿಗಿದುಕೊಳ್ಳುತ್ತದೆ. ಇಲ್ಲಿ ಬೇಕಾದದ್ದು ತುಕ್ಕು ಬಿಡಿಸುವ ತೆಳು ಎಣ್ಣೆ ಮತ್ತು ತಾಳ್ಮೆ.

ಧೂಳಿದ್ದರೆ ಗ್ಯಾರೇಜಿನ ಗಾಳಿ ಪೈಪಿನಿಂದ ಊದಿಸಿ, ಸೀಮೆಎಣ್ಣೆಯನ್ನು ಸಿರಿಂಜಿನಿಂದ ಕೀ ತೂತಿಗೆ ಬಿಟ್ಟು, ಕೀಯನ್ನು ತಿರುಗಿಸದೆ ಬರಿದೇ ಒಳಗೆ ಹೊರಗೆ ಆಡಿಸಬೇಕು. ಪ್ರತಿ ಸಲವೂ ಕೀಯನ್ನು ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ತೊಳೆಯುವುದು ಮುಗಿದಿಲ್ಲ. ತುಕ್ಕಿದ್ದರೆ ಡಬ್ಲ್ಯೂಡಿ-40ರಂತಹ ತೆಳು ಸ್ಪ್ರೇಯನ್ನು ಬಳಸಬಹುದು. ಆದರೆ ಕಲಿಯುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ: ಕೀ ತೂತಿಗೆ ಬಿಟ್ಟ ಎಣ್ಣೆ ಬಹುಮಟ್ಟಿಗೆ ಬಿಲ್ಲೆಗಳಲ್ಲೇ ಉಳಿದು ನಾಲಗೆಯ ತುದಿಗೆ ತಲಪುವುದೇ ಇಲ್ಲ. ಟಾರ್ಚ್ ಹಿಡಿದು ಕುತ್ತಿಗೆಯ ಕೆಳಗೆ ನೋಡಿ, ನಾಲಗೆ ಹೊಕ್ಕಿರುವ ಸಂದಿಗೆ ಸ್ಪ್ರೇಯ ಉದ್ದ ಕೊಳವೆಯಿಂದ ನೇರವಾಗಿ ಎಣ್ಣೆ ಹಾಯಿಸಬೇಕು. ಬಳಿಕ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಕವಚವನ್ನು ಮೆಲ್ಲಗೆ ತಟ್ಟಿದರೆ ಆ ಕಂಪನಕ್ಕೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯಲು ದಾರಿಯಾಗುತ್ತದೆ. ಇಷ್ಟು ಮಾಡಿ ಒಂದು ರಾತ್ರಿ ಬಿಡುವುದು ಲೇಸು.

ಮಾರನೆಯ ದಿನವೂ ಬಿಡದಿದ್ದರೆ ಶಾಖದ ನೆರವು ಪಡೆಯಬಹುದು. ಒಂದು ಮೀಟರ್ ಉದ್ದಕ್ಕೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸತುವಿನ ಮಿಶ್ರಲೋಹ ಸುಮಾರು 27 ಮೈಕ್ರೋಮೀಟರ್, ಹಿತ್ತಾಳೆ 19, ಉಕ್ಕು 12ರಷ್ಟು ಹಿಗ್ಗುತ್ತವೆ. ಕವಚವೇ ಎಲ್ಲಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಿಸಿಯಾದಾಗ ಒಳಗಿನ ಬಿಗಿ ಒಂದಿಷ್ಟು ಸಡಿಲಗೊಳ್ಳುತ್ತದೆ. 10 ಮಿಲಿಮೀಟರ್ ತೂತಿಗೆ 40 ಡಿಗ್ರಿ ಶಾಖ ಏರಿಸಿದರೆ ಸಿಗುವ ವ್ಯತ್ಯಾಸ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಆರು ಮಾತ್ರ. ಆದರೂ ಎಣ್ಣೆಗೆ ಅದು ದಾರಿ ತೆರೆಯಬಲ್ಲದು. ಮೊದಲು ಹಾಕಿದ ಸೀಮೆಎಣ್ಣೆ, ಸ್ಪ್ರೇಗಳನ್ನು ಚೆನ್ನಾಗಿ ಒರೆಸಿ ಆರಲು ಬಿಟ್ಟು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕವಚಕ್ಕೆ ಸುತ್ತಿದರೆ ಸಾಕು. ಬೆಂಕಿಯ ಜ್ವಾಲೆಯನ್ನು ಎಂದಿಗೂ ತರಬಾರದು: ಸತುವಿನ ಮಿಶ್ರಲೋಹ 400 ಡಿಗ್ರಿಗೂ ಮೊದಲೇ ಕರಗುತ್ತದೆ, ಪೆಟ್ರೋಲ್ ಟ್ಯಾಂಕು ಗೇಣು ದೂರದಲ್ಲೇ ಇರುತ್ತದೆ.

ಕೀ ಸವೆದಿದ್ದರೆ ಅದನ್ನೇ ನೋಡಿ ಮಾಡಿಸಿದ ನಕಲು ಕೀ ಆ ಸವೆತವನ್ನೂ ನಕಲು ಮಾಡುತ್ತದೆ. ಮನೆಯಲ್ಲಿ ಬಳಸದೆ ಇಟ್ಟ ಎರಡನೆಯ ಕೀ ಇದೆಯೇ ಎಂದು ಮೊದಲು ಹುಡುಕಬೇಕು. ಏನು ಮಾಡಿದರೂ ಬಿಡದ ಲಾಕನ್ನು ಕೊರೆದು ತೆಗೆಯುವ ಕೆಲಸವನ್ನು ಆರ್‌ಸಿ ತೋರಿಸಿ ನುರಿತ ಕೆಲಸಗಾರರಿಗೇ ಒಪ್ಪಿಸುವುದು ಸರಿ, ಏಕೆಂದರೆ ಕೊರೆದ ಲೋಹದ ಚೂರು ಸ್ಟೀರಿಂಗ್ ಬೇರಿಂಗಿಗೆ ಬಿದ್ದರೆ ಹೊಸ ತೊಂದರೆ ಹುಟ್ಟುತ್ತದೆ.

ಕೀ ತಿರುಗಿತೆಂದು ಕೂಡಲೇ ಬೈಕು ಓಡಿಸುವುದು ಪ್ರಾಣಕ್ಕೆ ಅಪಾಯ. ನಾಲಗೆಯ ಸ್ಪ್ರಿಂಗ್ ಸತ್ತಿದ್ದರೆ ಅದು ಅರ್ಧಕ್ಕೆ ನಿಂತು, ರಸ್ತೆಯ ಕುಲುಕಾಟಕ್ಕೆ ಮತ್ತೆ ಹೊರಬಂದು, ಕೊಟ್ಟಿಗೆಹಾರದ ಇಳಿಜಾರಿನ ತಿರುವಿನಲ್ಲಿ ಹ್ಯಾಂಡಲನ್ನು ಹಿಡಿದುಬಿಡಬಹುದು. ಮುಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಹ್ಯಾಂಡಲನ್ನು ಎರಡೂ ಕೊನೆಗಳ ತನಕ ಹಲವು ಬಾರಿ ತಿರುಗಿಸುತ್ತ ಕವಚವನ್ನು ತಟ್ಟಬೇಕು. ಎಲ್ಲಿಯಾದರೂ ಉಜ್ಜುವ ಸದ್ದು ಬಂದರೆ ಲಾಕನ್ನು ಪೂರ್ತಿ ಬಿಚ್ಚಿ ತೆಗೆದೇ ಬೈಕು ಹೊರಡಬೇಕು. ಲಾಕ್ ಇಲ್ಲದ ದಿನಗಳಿಗೆ ಚಕ್ರಕ್ಕೆ ಸರಪಳಿ ಬೀಗ ಸಾಕು.

ಬದಲಿ ಲಾಕ್ ಕೊಳ್ಳುವವರು ಹಳೆಯದನ್ನು ಎಸೆಯಬಾರದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಅಂತಹ ಬೈಕುಗಳಿಗೆ ಕೈಗೆ ಸಿಗುವುದು ಹೆಚ್ಚಾಗಿ ನಕಲು ಬಿಡಿಭಾಗಗಳೇ. ನಾಲಗೆಯ ದಪ್ಪ, ಲಾಕ್ ಹಾಕಿದಾಗ ಹೊರಚಾಚುವ ಉದ್ದ, ತೆಗೆದಾಗ ಒಳಗುಳಿಯುವ ಆಳ ಈ ಮೂರನ್ನೂ ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆದು ಬರೆದುಕೊಂಡು ಅಂಗಡಿಗೆ ಹೋಗಬೇಕು. ಮೂರನೆಯ ಅಳತೆ ಹೊಂದದ ಲಾಕನ್ನು, ಕೀ ಎಷ್ಟೇ ಸಲೀಸಾಗಿ ತಿರುಗಿದರೂ, ತರಬಾರದು.