ಹಳೇ ಹ್ಯಾಮ್ (ಹವ್ಯಾಸಿ ರೇಡಿಯೋ) ಟ್ರಾನ್ಸ್‌ಮಿಟರ್‌ಗೆ ಬಲ್ಬ್ ಹಾಕಿ ಟ್ಯೂನ್ ಮಾಡೋರಿಗೆ
ಕೊಡಗಿನ ಕಕ್ಕಡ ತಿಂಗಳ ಮಳೆ ಬಿಟ್ಟ ಮೇಲೆ ಸೋಮವಾರಪೇಟೆ, ಮಡಿಕೇರಿ ಕಡೆಯಿಂದ ನನ್ನ ಹತ್ರ ಬರೋ ವಾಲ್ವ್ (ಟ್ರಾನ್ಸಿಸ್ಟರ್‌ಗಿಂತ ಹಿಂದಿನ ಗಾಜಿನ ಟ್ಯೂಬ್) ಸೆಟ್‌ಗಳದ್ದು ಹೆಚ್ಚುಕಮ್ಮಿ ಒಂದೇ ಕಾಯಿಲೆ, ಶೀತದಲ್ಲಿ ಕೂತು ಕೂತು ಪೇಪರ್ ಕಂಡೆನ್ಸರ್‌ಗಳೆಲ್ಲ ಲೀಕ್ ಆಗಿರುತ್ತೆ, ಓನರ್ ಮಾತ್ರ "ಸಾರ್ ಹೋದ್ವರ್ಷ ಚೆನ್ನಾಗಿತ್ತು, ಸುಮ್ನೆ ಆನ್ ಮಾಡಿ ನೋಡಿ" ಅಂತಾರೆ. ಸುಮ್ನೆ ಆನ್ ಮಾಡೋ ಮಾತೇ ಇಲ್ಲ. ಮೊದ್ಲು ಸೀರೀಸ್ ಬೋರ್ಡ್, ಅಂದ್ರೆ ಮೇನ್ಸ್‌ಗೆ ಸೀರೀಸ್‌ನಲ್ಲಿ ಒಂದು 100 ವ್ಯಾಟ್ ಫಿಲಮೆಂಟ್ ಬಲ್ಬ್. ಒಂದ್ಸಲ ಜೋರಾಗಿ ಹತ್ತಿ ಮಂಕಾದ್ರೆ ಪರವಾಗಿಲ್ಲ, ಫುಲ್ ಉರೀತಾನೇ ಇದ್ರೆ ಒಳಗೆಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರಲ್ಲ.

ಸೆಟ್ ಎದ್ದ ಮೇಲೆ ಇನ್ನೊಂದು ಬಲ್ಬ್, ಇದು ಆಂಟೆನಾ ಜಾಗಕ್ಕೆ. ಒಂದು 807 ವಾಲ್ವ್ ಇರೋ ಸೆಟ್ 600 ವೋಲ್ಟ್‌ಗೆ 40 ವ್ಯಾಟ್ ಆಸುಪಾಸು ಕೊಡುತ್ತೆ, 60 ವ್ಯಾಟ್ ಬಲ್ಬ್ ಸಾಕು. ವಾಲ್ವ್‌ನ ಪ್ಲೇಟ್ ಕರೆಂಟ್ ಡಿಪ್ ಮಾಡಿ (ಟ್ಯೂನಿಂಗ್ ತಿರುಗಿಸಿ ಕನಿಷ್ಠಕ್ಕೆ ತನ್ನಿ), ಲೋಡಿಂಗ್ (ಬಲ್ಬ್ ಕಡೆ ಹೋಗೋ ಪವರ್) ಸ್ವಲ್ಪ ಏರಿಸಿ, ಮತ್ತೆ ಡಿಪ್ ಮಾಡಿ, ಹೀಗೇ ಹೋಗ್ತಾ ಬಲ್ಬ್ ಏರೋದು ಕಣ್ಣಿಗೇ ಕಾಣುತ್ತೆ. ಎಎಂ (ದನಿಗೆ ತಕ್ಕ ಹಾಗೆ ಪವರ್ ಏರಿಳಿಯೋ ಥರ) ಆದ್ರೆ ಮೈಕ್‌ನಲ್ಲಿ ಮಾತಾಡಿದಾಗ ಬಲ್ಬ್ ಇನ್ನೂ ಬೆಳಗ್ಬೇಕು, ಫುಲ್ ಮಾಡ್ಯುಲೇಷನ್ ಟೋನ್‌ಗೆ ಪವರ್ ಒಂದೂವರೆ ಪಟ್ಟು. ಮಾತಾಡಿದ್ರೆ ಮಂಕಾಗುತ್ತಾ? ಡ್ರೈವ್ (ಫೈನಲ್ ಹಂತಕ್ಕೆ ಹಿಂದಿನ ಹಂತ ಕೊಡೋ ಸಿಗ್ನಲ್) ಸಾಲ್ತಿಲ್ಲ ಅಥವಾ ಪವರ್ ಸಪ್ಲೈ ಕುಸೀತಿದೆ, ಮೊದ್ಲು ಅಲ್ಲಿ ನೋಡಿ.

ಎಷ್ಟು ವ್ಯಾಟ್ ಅಂತ ತಿಳೀಬೇಕಂದ್ರೆ ಅದೇ ಥರದ ಇನ್ನೊಂದು ಬಲ್ಬ್ ಮೇನ್ಸ್‌ಗೆ ಹಾಕಿ ಪಕ್ಕದಲ್ಲಿಟ್ಟು ಹೋಲಿಸಿ, ಆದ್ರೆ ಮೀಟರ್ ಇಟ್ಕೊಂಡೇ ಹೋಲಿಸಿ, ಯಾಕಂದ್ರೆ ನಮ್ಮ ತೋಟದ ಲೈನಲ್ಲಿ ಸಂಜೆ ವೋಲ್ಟೇಜ್ ಎಲ್ಲಿರುತ್ತೆ ಅಂತ ಎಲ್ರಿಗೂ ಗೊತ್ತು, 10 ಪರ್ಸೆಂಟ್ ಇಳಿದ್ರೆ ಬೆಳಕು ಸುಮಾರು 30 ಪರ್ಸೆಂಟ್ ಹೋಗುತ್ತೆ, ಆಮೇಲೆ ನಿಮ್ಮ ಟ್ರಾನ್ಸ್‌ಮಿಟರ್ ಇದ್ದಕ್ಕಿಂತ ಶೂರ ಅನ್ನಿಸ್ಬಿಡುತ್ತೆ.

ಈಗ ನಾನು ಪ್ರತಿಸಲ ಜಗಳ ಆಡೋ ವಿಷ್ಯ. ಬಲ್ಬ್ ಪವರ್ ಇದೆ ಅನ್ನುತ್ತೆ, ಮ್ಯಾಚ್ ಆಗಿದೆ (ಲೋಡಿನ ಓಮ್ ಸೆಟ್‌ಗೆ ಹೊಂದಿದೆ) ಅನ್ನಲ್ಲ. 230 ವೋಲ್ಟಿನ 60 ವ್ಯಾಟ್ ಬಲ್ಬ್ ಪೂರ್ತಿ ಉರಿಯುವಾಗ ಸುಮಾರು 880 ಓಮ್, ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ಹಳೇ ಸೆಟ್‌ನ ಪೈ ನೆಟ್‌ವರ್ಕ್ (ಔಟ್‌ಪುಟ್‌ನ ಕಾಯಿಲ್-ಕಂಡೆನ್ಸರ್ ಜೋಡಣೆ) ಇದಕ್ಕೆಲ್ಲ ಹೊಂದ್ಕೊಳ್ಳುತ್ತೆ, ತೀರಾ ಹೊಂದದಿದ್ರೆ ಎರಡು ಬಲ್ಬ್ ಪ್ಯಾರಲಲ್ ಹಾಕಿ. ಟ್ರಾನ್ಸಿಸ್ಟರ್ ಸೆಟ್ ಹಾಗಲ್ಲ, ಅದಕ್ಕೆ 50 ಓಮೇ ಬೇಕು, ಬಲ್ಬ್ ತೋರಿಸಿದ್ರೆ ಒಂದೋ ಸೆಟ್ ತಾನೇ ಪವರ್ ಇಳಿಸ್ಕೊಳ್ಳುತ್ತೆ, ಇಲ್ಲಾ ಫೈನಲ್ ಟ್ರಾನ್ಸಿಸ್ಟರ್ ಹೋಗುತ್ತೆ. ಅದಕ್ಕೆ ಸರಿಯಾದ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ತಿನ್ನೋ ರೆಸಿಸ್ಟರ್) ತಗೊಳ್ಳಿ.

ಫೈನಲ್ ಹಂತದಲ್ಲಿ ಟ್ರಯೋಡ್ (ಮೂರು ಎಲೆಕ್ಟ್ರೋಡ್ ವಾಲ್ವ್) ಇದ್ರೆ ನ್ಯೂಟ್ರಲೈಸ್ ಮಾಡೋಕೂ, ಅಂದ್ರೆ ವಾಲ್ವ್ ಒಳಗೆ ಸೋರೋ ಸಿಗ್ನಲ್ ರದ್ದು ಮಾಡೋಕೂ ಬಲ್ಬೇ. ಇನ್ಸುಲೇಟೆಡ್ ವೈರ್ ಎರಡು ಸುತ್ತು ಸುತ್ತಿ ಅದರ ಎರಡು ತುದಿ 6.3 ವೋಲ್ಟ್ ಡಯಲ್ ಬಲ್ಬ್‌ಗೆ ಜೋಡಿಸಿ, ಫೈನಲ್‌ನ ಎಚ್‌ಟಿ (ಪ್ಲೇಟ್‌ಗೆ ಹೋಗೋ ಹೈ ವೋಲ್ಟೇಜ್) ತೆಗೆದು, ಕಂಡೆನ್ಸರ್ ಡಿಸ್ಚಾರ್ಜ್ ಮಾಡಿ, ಆಮೇಲೆ ಟ್ಯಾಂಕ್ ಕಾಯಿಲ್ (ಫೈನಲ್‌ನ ಟ್ಯೂನಿಂಗ್ ಕಾಯಿಲ್) ಹತ್ರ ಒಂದು ಕಡ್ಡಿಗೆ ಕಟ್ಟಿ ಹಿಡೀರಿ. ಡ್ರೈವ್ ಕೊಟ್ಟಾಗ ಬಲ್ಬ್ ಹತ್ತಿದ್ರೆ ಪವರ್ ಒಳಗಿಂದ ಸೋರ್ತಿದೆ, ನ್ಯೂಟ್ರಲೈಸಿಂಗ್ ಕಂಡೆನ್ಸರ್ ತಿರುಗಿಸ್ತಾ ಅದು ಆರೋ ತನಕ ಹೋಗಿ.

ಇನ್ನೊಂದು, ಬಯಲಲ್ಲಿ ಇಟ್ಟ ಬಲ್ಬ್ ಸ್ವಲ್ಪ ಆಂಟೆನಾ ಕೆಲಸವನ್ನೂ ಮಾಡುತ್ತೆ. 7 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಟೆಸ್ಟಿಂಗ್ ವಿರಾಜಪೇಟೆಯಲ್ಲಿ ಯಾರಿಗಾದ್ರೂ ಕೇಳಿಸಬಹುದು, ಅದಕ್ಕೆ ಲೈಸೆನ್ಸ್ ಇದ್ರೇನೇ ಕೀ ಒತ್ತಿ, ಕಾಲ್‌ಸೈನ್ ಹೇಳಿ, ಬೇಗ ಮುಗಿಸಿ. ಬಲ್ಬ್‌ಗೆ ಸಿಕ್ಕ ಡಯಲ್ ಪೊಸಿಷನ್ ಪೆನ್ಸಿಲ್‌ನಲ್ಲಿ ಬರ್ಕೊಂಡಿರಿ, ಆದ್ರೆ ಆಂಟೆನಾ ಹಾಕಿದ್ಮೇಲೆ ಪ್ಲೇಟು ಲೋಡು ಎರಡೂ ಮೊದಲಿಂದ ಟ್ಯೂನ್ ಮಾಡ್ಬೇಕು.