ಕಾಮಾಲೆ ಇಳಿಸಿದ್ದು ಯಾರು?

ಹುಡುಗನ ಕಣ್ಣು ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು. ಬೆಂಗಳೂರಿನಲ್ಲಿ ಕೆಲಸ, ಪಿ.ಜಿ.ಯಲ್ಲಿ ಊಟ-ವಾಸ. ವಾರದಿಂದ ಜ್ವರ, ವಾಂತಿ, ಊಟ ಕಂಡರೆ ಆಗದು ಎಂದು ಊರಿಗೆ ಬಂದಿದ್ದ. ಕಣ್ಣಿಗೆ ಹಳದಿ ತರುವ ಬಿಲಿರುಬಿನ್ ರಕ್ತದಲ್ಲಿ 9ಕ್ಕೆ ಏರಿತ್ತು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಎ, ಅಂದರೆ ಕೊಳಕು ನೀರು-ಊಟದಿಂದ ಹರಡುವ ಯಕೃತ್ತಿನ ವೈರಸ್ ಸೋಂಕು, ಎಂದು ಬಂತು. ‘ನಾಟಿ ಔಷಧಿ ಏನಾದ್ರೂ ಕೊಟ್ಟಿದೀರಾ ಅಮ್ಮ?’ ಎಂದು ತಾಯಿಯನ್ನು ಕೇಳಿದೆ. ‘ಇಲ್ಲ ಡಾಕ್ಟ್ರೇ, ಏನೂ ಇಲ್ಲ’ ಎಂದರು. ಪಕ್ಕದಲ್ಲಿದ್ದ ಹುಡುಗ, ‘ಮಜ್ಜಿಗೇಲಿ ಕೊಟ್ರಲ್ಲಮ್ಮ, ಎಷ್ಟು ಕಹಿ ಇತ್ತು’ ಎಂದುಬಿಟ್ಟ.

ತಪ್ಪು ತಾಯಿಯದಲ್ಲ, ನನ್ನ ಪ್ರಶ್ನೆಯದು. ‘ನಾಟಿ’ ಎನ್ನುವಾಗ ನನ್ನ ದನಿಯಲ್ಲಿ ಬೈಗುಳ ಇತ್ತು. ಈಗ ಪ್ರಶ್ನೆ ಬದಲಿಸಿದ್ದೇನೆ: ‘ಕಾಮಾಲೆಗೆ ಔಷಧಿ ಎಲ್ಲಿಂದ ತಂದ್ರಿ?’ ತಂದೇ ಇರುತ್ತಾರೆ ಎಂದುಕೊಂಡು ಕೇಳಿದರೆ ಊರು, ಕೊಡುವವರು, ಎಷ್ಟು ದಿನ, ಏನು ಪಥ್ಯ, ಎಲ್ಲ ಹೊರಬರುತ್ತದೆ. ನಮ್ಮ ಮಲೆನಾಡಿನ ಕಡೆ ಕಾಮಾಲೆ ಎಂದರೆ ಆಸ್ಪತ್ರೆ ಎರಡನೆಯ ಬಾಗಿಲು. ಮೊದಲನೆಯದು ಯಾರದೋ ಮನೆಯ ಹಿತ್ತಿಲಿನದು.

ಮೂರು ವಾರದ ಮೇಲೆ ತಾಯಿ-ಮಗ ಮತ್ತೆ ಬಂದರು. ಬಿಲಿರುಬಿನ್ 2ಕ್ಕೆ ಇಳಿದಿತ್ತು. ‘ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ, ಅವರ ಔಷಧಿಯಿಂದಲೇ ಇಳೀತು’ ಎಂದರು ತಾಯಿ. ಬೇಜಾರಾಗಲು ನಾನು ಕೊಟ್ಟದ್ದಾದರೂ ಏನು? ವಾಂತಿಗೆ ಮಾತ್ರೆ, ಅಷ್ಟೇ.

ಹೆಪಟೈಟಿಸ್ ಎಗೆ ನಮ್ಮಲ್ಲೂ ಔಷಧಿ ಇಲ್ಲ. ವೈರಸ್ಸನ್ನು ಓಡಿಸುವುದು ರೋಗಿಯ ದೇಹವೇ. ಹೆಚ್ಚಿನವರು ಎರಡು ತಿಂಗಳೊಳಗೆ ಸರಿಹೋಗುತ್ತಾರೆ. ಯಕೃತ್ತು ಪೂರ್ತಿ ಕೈಕೊಡುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ. ಇನ್ನೊಂದು ಲೆಕ್ಕ ಗಮನಿಸಿ. ಮನೆಯವರು ಔಷಧಿಗೆ ಓಡುವುದು ಯಾವಾಗ? ಕಣ್ಣು ಅತಿ ಹಳದಿಯಾದಾಗ, ಅಂದರೆ ಬಿಲಿರುಬಿನ್ ಏರಿ ನಿಂತ ಹೊತ್ತಿಗೆ. ಅಲ್ಲಿಂದ ಮುಂದೆ ಇಳಿಜಾರೇ. ಆ ಹೊತ್ತಿಗೆ ಏನು ಕುಡಿಸಿದರೂ ಗೆಲುವು ಕುಡಿಸಿದವರದು. ಮೂತ್ರದ ಬಣ್ಣ ಮೊದಲು ತಿಳಿಯಾಗುತ್ತದೆ, ಕಣ್ಣಿನ ಹಳದಿ ವಾರಗಟ್ಟಲೆ ಉಳಿಯುತ್ತದೆ. ಕಾರಣ ಸರಳ: ಬಿಲಿರುಬಿನ್‌ನ ಒಂದು ಪಾಲು ರಕ್ತದಲ್ಲಿನ ಪ್ರೋಟೀನ್ ಆದ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ, ಅದು ಮೂತ್ರದಲ್ಲಿ ಹೋಗಲಾರದು, ಆಲ್ಬುಮಿನ್ ಸವೆಯುವವರೆಗೆ ಕಾಯಬೇಕು. ಔಷಧಿ ಕೊಡುವವರು ಇದನ್ನು ಅನುಭವದಿಂದ ಬಲ್ಲರು. ‘ಮೊದಲು ಉಚ್ಚೆ ತಿಳಿಯಾಗುತ್ತೆ, ಆಮೇಲೆ ಕಣ್ಣು’ ಎಂದು ಮುಂಚೆಯೇ ಹೇಳಿ ಕಳಿಸುತ್ತಾರೆ. ಹೇಳಿದ ಹಾಗೇ ಆಗುತ್ತದೆ.

ಹಾಗಾದರೆ ಆ ಕಹಿ ಸೊಪ್ಪಿನಲ್ಲಿ ಏನೂ ಇಲ್ಲವೇ? ಬಹುಪಾಲು ಅದು ನೆಲನೆಲ್ಲಿ. ಅದನ್ನು ಪರೀಕ್ಷೆಗೆ ಒಡ್ಡಿದ ಕಥೆ ನಮ್ಮ ಪಕ್ಕದ ಚೆನ್ನೈಯದೇ. ಹೆಪಟೈಟಿಸ್ ಬಿ ವೈರಸ್ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬ್ಲುಂಬರ್ಗ್ ಅವರೂ ಸೇರಿದ್ದ ತಂಡ, ತಾನಾಗಿ ಸುಲಭಕ್ಕೆ ಹೋಗದ ಬಿ ವೈರಸ್ಸನ್ನು ಹೊತ್ತು ತಿರುಗುವವರನ್ನೇ ಆರಿಸಿಕೊಂಡಿತು. ಇಳಿಜಾರಿನ ಮೋಸ ಇಲ್ಲಿ ನಡೆಯದು. ಕೆಲವರಿಗೆ ತಿಂಗಳ ಕಾಲ ನೆಲನೆಲ್ಲಿ ಪುಡಿ, ಕೆಲವರಿಗೆ ಹುಸಿ ಮಾತ್ರೆ. 1988ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶ: ನೆಲನೆಲ್ಲಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯ. ಹುಸಿ ಮಾತ್ರೆಯ 23 ಜನರಲ್ಲಿ ಒಬ್ಬರಿಗೆ ಮಾತ್ರ. ಯಾರಿಗಾದರೂ ರೋಮಾಂಚನವಾಗುವ ಅಂಕಿ. ಬೇರೆ ದೇಶದವರೂ ಮಾಡಿ ನೋಡಿದರು. 1990ರಲ್ಲಿ ಥಾಯ್ಲೆಂಡ್‌ನಿಂದ ಬಂದ ವರದಿಯಲ್ಲಿ ಗುಣ ಕಾಣಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಜರಡಿ ಹಿಡಿಯುವ ಕೊಕ್ರೇನ್ ಸಂಸ್ಥೆಯ 2011ರ ವಿಮರ್ಶೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಹುಸಿ ಮಾತ್ರೆಗಿಂತ ಮೇಲು ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು. ಗುಂಪು ಚಿಕ್ಕದಾದಷ್ಟೂ ಅದೃಷ್ಟದ ಪಾಲು ದೊಡ್ಡದು. ಮೊದಲ ಗೆಲುವನ್ನು ನಂಬುವ ಮೊದಲು ಎರಡನೆಯ, ಮೂರನೆಯ ಆಟಕ್ಕೆ ಕಾಯುವುದು ಅದಕ್ಕೇ.

‘ನಿಮಗೆ ನಮ್ಮ ಗಿಡಮೂಲಿಕೆ ಕಂಡರಾಗದು’ ಎಂಬ ಮಾತು ಇಲ್ಲಿಗೆ ಬಂದೇ ಬರುತ್ತದೆ. ಸರ್ಪಗಂಧಿಯನ್ನು ನೆನೆಯಿರಿ. ಮುಂಬೈಯ ಡಾ. ರುಸ್ತುಮ್ ಜಾಲ್ ವಕೀಲ್ ರಕ್ತದೊತ್ತಡದ 50 ರೋಗಿಗಳಿಗೆ ಅದನ್ನು ಕೊಟ್ಟು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರ ಬೇರಿನಿಂದ ರೆಸರ್ಪಿನ್ ಎಂಬ ಔಷಧಿ ಬೇರ್ಪಟ್ಟಿತು, ಜಗತ್ತಿನ ವೈದ್ಯರೆಲ್ಲ ರೋಗಿಗಳಿಗೆ ಬರೆದುಕೊಟ್ಟರು. ಮನಸ್ಸು ಕುಗ್ಗಿಸುವಂಥ ಅಡ್ಡಪರಿಣಾಮ ಕಂಡಾಗ ಹಿಂದೆಯೂ ಸರಿದರು.

ಹಾಗೆಂದು ನಮ್ಮ ಪಾಳಯ ಪರಿಶುದ್ಧವೇನಲ್ಲ. ಕಾಮಾಲೆಯಲ್ಲಿ ಹಾಸಿಗೆ ಬಿಟ್ಟು ಏಳಬಾರದು ಎಂಬ ಕಟ್ಟಳೆ ಒಂದು ಕಾಲಕ್ಕೆ ಇಂಗ್ಲಿಷ್ ವೈದ್ಯರದೂ ಆಗಿತ್ತು. ಕೊರಿಯಾ ಯುದ್ಧದ ಅಮೆರಿಕನ್ ಸೈನಿಕರ ಮೇಲೆ ಅದನ್ನು ಪರೀಕ್ಷಿಸಿ ಚಾಮರ್ಸ್ ಮತ್ತು ಸಂಗಡಿಗರು 1955ರಲ್ಲಿ ವರದಿ ಮಾಡಿದರು: ಕಟ್ಟುನಿಟ್ಟಾಗಿ ಮಲಗಿದ್ದವರೇನೂ ಬೇಗ ಗುಣವಾಗಲಿಲ್ಲ. ಹೊಟ್ಟೆ ತುಂಬ ಉಂಡವರು ಬೇಗ ಚೇತರಿಸಿಕೊಂಡರು. ಎಣ್ಣೆ ಬೇಡ, ಉಪ್ಪು ಬೇಡ, ಬರೀ ಗಂಜಿ ಎಂಬ ಪಥ್ಯದಲ್ಲಿ ಸೊರಗುವ ಮಕ್ಕಳನ್ನು ನೋಡುವಾಗ ಈ ವರದಿ ನೆನಪಾಗುತ್ತದೆ. ಲಿವರ್ ಟಾನಿಕ್ಕಿನ ಕಥೆಯೂ ಹೀಗೇ. ‘ಏನೂ ಬರೆದುಕೊಡದೆ ಕಳಿಸಿದ ಡಾಕ್ಟ್ರು’ ಎಂಬ ಹೆಸರು ಬೇಡವೆಂದು ನಾನೂ ವರ್ಷಗಟ್ಟಲೆ ಬರೆದಿದ್ದೇನೆ, ಜೊತೆಗೆ ಬಿ ಕಾಂಪ್ಲೆಕ್ಸ್. ಅದರಿಂದ ಮೂತ್ರ ಮತ್ತೆ ಹಳದಿಯಾಗಿ, ‘ಕಾಮಾಲೆ ತಿರುಗಿ ಬಂತು’ ಎಂದು ರಾತ್ರಿ ಹತ್ತಕ್ಕೆ ಫೋನ್ ಬರುತ್ತಿತ್ತು.

ನಿರುಪದ್ರವಿ ಗಿಡದ ಮೇಲೆ ಇಷ್ಟೇಕೆ ಸಿಟ್ಟು ಎಂದರೆ, ಕಣ್ಣು ಹಳದಿಯಾದ ಎಲ್ಲರ ಕಾಯಿಲೆ ಒಂದೇ ಅಲ್ಲ. ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದಿರಬಹುದು. ವಯಸ್ಸಾದವರಲ್ಲಿ ಮೇದೋಜೀರಕದ ಗಂಟು ಇರಬಹುದು. ಕ್ಷಯದ ಮಾತ್ರೆಗಳಿಂದಲೇ ಕಾಮಾಲೆ ಬಂದಿದ್ದರೆ ವೈದ್ಯರಿಗೆ ತಿಳಿಸಿ ಅಂದೇ ಮಾತ್ರೆ ನಿಲ್ಲಿಸಬೇಕು, ಗಿಡದ ರಸ ಕುಡಿಯುತ್ತ ಮಾತ್ರೆ ಮುಂದುವರಿಸಿದವರನ್ನು ಉಳಿಸಿಕೊಳ್ಳುವುದು ಕಷ್ಟ. ಬಸುರಿಯ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ಐವರಲ್ಲಿ ಒಬ್ಬರಾದರೂ ಸಾಯಬಹುದು. ಅಂಥವರನ್ನು ಕರೆದುಕೊಂಡು ಹಿತ್ತಿಲ ಬಾಗಿಲಿಗೆ ಹೋಗಲೇಬಾರದು. ಬಿಲಿರುಬಿನ್ ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಹೇಳುವ ಐಎನ್‌ಆರ್. ಅದು ಏರುತ್ತಿದ್ದು ರೋಗಿ ಮಂಪರಾದರೆ, ಮಾತು ತೊದಲಿದರೆ, ಗಂಟೆಗಳ ಲೆಕ್ಕ.

ಗಿಡವೂ ಸದಾ ನಿರುಪದ್ರವಿಯಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಯಕೃತ್ತು ಕೆಟ್ಟ 43 ರೋಗಿಗಳ ವಿವರವನ್ನು ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಪ್ರಕಟಿಸಿದರು. ಅದನ್ನೇ ಹೋಲುವ ಬೇರೆ ಬಳ್ಳಿಯ ಗೊಂದಲವಿರಬೇಕು ಎಂದಿತು ಕೇಂದ್ರದ ಆಯುಷ್ ಸಚಿವಾಲಯ. ಇರಲೂಬಹುದು. ಆದರೆ ಲೋಟದಲ್ಲಿರುವುದು ಯಾವ ಬಳ್ಳಿ ಎಂದು ಕುಡಿಯುವವನು ಹೇಗೆ ಹೇಳಬೇಕು?

ನನಗೆ ಹೆಚ್ಚು ನೋವು ಕೊಟ್ಟವರು ಒಬ್ಬ ಲಾರಿ ಚಾಲಕರು. ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಗಿತ್ತು. ಕಾಮಾಲೆ ಔಷಧಿ ಕುಡಿದರು, ಕಣ್ಣು ಬೆಳ್ಳಗಿತ್ತು (ಮೊದಲೂ ಬೆಳ್ಳಗೇ ಇತ್ತು), ಗುಣವಾಯಿತೆಂದು ಪರೀಕ್ಷೆ ಬಿಟ್ಟರು. ಎಂಟು ವರ್ಷದ ಮೇಲೆ ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದರು. ವೈರಸ್ಸನ್ನು ಅದುಮಿಡುವ ದಿನಕ್ಕೊಂದು ಮಾತ್ರೆ 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಆ ಪಿ.ಜಿ. ಹುಡುಗನಿಗೆ ಕೊನೆಗೆ ಕೇಳಿದೆ: ‘ನಿಮ್ ಜೊತೆ ಇದ್ದೋರಿಗೆ ಯಾರಿಗಾದ್ರೂ ಬಂದಿತ್ತಾ?’ ಇನ್ನೂ ಮೂವರಿಗೆ ಬಂದಿತ್ತಂತೆ. ಒಬ್ಬ ತುಮಕೂರಿನ ಕಡೆಯ ಔಷಧಿ ತೆಗೆದುಕೊಂಡ, ಒಬ್ಬನಿಗೆ ಕೇರಳದ ಅಜ್ಜಿ ಏನೋ ಕುಡಿಸಿದರು, ಬಿಹಾರದವನು ರೈಲು ಟಿಕೆಟ್ ಸಿಗದೆ ರೂಮಿನಲ್ಲೇ ಮಲಗಿ ಅನ್ನ-ಮೊಸರು ತಿಂದ. ನಾಲ್ವರೂ ಹೆಚ್ಚುಕಡಿಮೆ ಒಂದೇ ವಾರ ಕೆಲಸಕ್ಕೆ ಹೊರಟಿದ್ದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಆ ನೀರಿನ ಟ್ಯಾಂಕ್ ತೊಳ್ಸಿದಾರೇನೋ?’ ಎಂದು ಮಗನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ.