ಅರ್ಜಿಯೊಳಗಿನ ‘ನಾನು’: 19ನೆಯ ಶತಮಾನದ ಐರ್ಲೆಂಡಿನ ಮನವಿಪತ್ರಗಳನ್ನು ಓದಲು ಒಂದು ಟಿಪ್ಪಣಿ

ಐರ್ಲೆಂಡಿನ ಸಾಮಾನ್ಯ ಜನರು 19ನೆಯ ಶತಮಾನದಲ್ಲಿ ಸರಕಾರಕ್ಕೆ ಬರೆದ ಅರ್ಜಿಗಳನ್ನು ಮೂರು ವಾರಗಳಿಂದ ಓದುತ್ತಿದ್ದೇನೆ. ಮೊದಲ ವಾರವಿಡೀ ತಪ್ಪಾಗಿ ಓದಿದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡು, ಇಷ್ಟು ಸಾವಿರ ಕಾಗದಗಳಲ್ಲಿ ಒಬ್ಬ ಮನುಷ್ಯನ ದನಿಯೂ ಕೇಳಿಸುತ್ತಿಲ್ಲವಲ್ಲ ಎಂದು ಬೇಸರಪಟ್ಟಿದ್ದೆ. ತಪ್ಪು ಎಲ್ಲಿತ್ತೆಂಬುದು ಈಗ ಗೊತ್ತಾಗಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮದ ಕಥೆ, ಕ್ಯಾಥೊಲಿಕರ ಹಕ್ಕುಗಳಿಗಾಗಿ ಡೇನಿಯಲ್ ಓಕಾನೆಲ್ ನಡೆಸಿದ ಚಳವಳಿ ಮುಂತಾದವು ಓದುಗರಿಗೆ ತಿಳಿದಿವೆ ಎಂದು ಭಾವಿಸಿದ್ದೇನೆ.

ಅರ್ಜಿ ಹೋಗುತ್ತಿದ್ದ ಜಾಗ

1801ರ ಜನವರಿ 1ರಿಂದ ಐರ್ಲೆಂಡಿಗೆ ಸ್ವಂತ ಸಂಸತ್ತು ಇರಲಿಲ್ಲ. ಅಲ್ಲಿಯ ಪ್ರತಿನಿಧಿಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೂರುತ್ತಿದ್ದರು. ಆಡಳಿತ ಮಾತ್ರ ಡಬ್ಲಿನ್ ನಗರದ ಹಳೆಯ ಕೋಟೆಯಾದ ಡಬ್ಲಿನ್ ಕ್ಯಾಸಲ್‌ನಲ್ಲೇ ಉಳಿದಿತ್ತು. ರಾಜನ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್, ಅವನ ಮುಖ್ಯ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ ಈ ಮೂವರ ಕಚೇರಿಯನ್ನೇ ಜನ ‘ಕ್ಯಾಸಲ್’ ಎನ್ನುತ್ತಿದ್ದರು. ಊರುಗಟ್ಟಲೆ ಸಹಿ ಹಾಕಿದ ರಾಜಕೀಯ ಬೇಡಿಕೆಗಳು, ಉದಾಹರಣೆಗೆ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದ 1829ರ ಕ್ಯಾಥೊಲಿಕ್ ವಿಮೋಚನಾ ಕಾಯಿದೆಗೆ ಮುಂಚಿನವು, ಹೆಚ್ಚಾಗಿ ಸಂಸತ್ತಿಗೆ ಹೋದವು. ಗಂಡನಿಗೆ ಕ್ಷಮೆ, ಮಗನಿಗೆ ಕೆಲಸ, ಊರಿಗೆ ಗಂಜಿಯ ನೆರವು ಇಂಥವನ್ನು ಕೇಳುವವರು ಕ್ಯಾಸಲ್‌ಗೆ ಬರೆದರು. ಜಮೀನ್ದಾರನಿಗೆ ಬರೆದ ಅರ್ಜಿಗಳೂ ಇವೆ. 1846ರ ಆಗಸ್ಟಿನಲ್ಲಿ ರಾಸ್‌ಕಾಮನ್ ಕೌಂಟಿಯ ಕ್ಲೂನಹೀ ಎಂಬಲ್ಲಿಯ ಗೇಣಿದಾರರು ಕೊಳೆತ ಆಲೂಗಡ್ಡೆಯ ಸಂಕಟ ಹೇಳಿಕೊಂಡು ಸ್ಟ್ರೋಕ್ಸ್‌ಟೌನ್ ಎಸ್ಟೇಟಿನ ಒಡೆಯನಿಗೆ ಬರೆದದ್ದು ಪ್ರಸಿದ್ಧವಾಗಿದೆ. ಅವುಗಳ ರೂಪ ಇಲ್ಲಿ ಹೇಳುವುದಕ್ಕಿಂತ ಬಹಳ ಬೇರೆಯಲ್ಲ; ಆದರೆ ಈ ಟಿಪ್ಪಣಿ ಕ್ಯಾಸಲ್‌ಗೆ ಹೋದ ಕಾಗದಗಳಿಗೆ ಸೀಮಿತವಾಗಿದೆ.

ಈ ಕಾಗದಗಳು ಉಳಿದದ್ದರ ಹಿಂದೆ ಅದೃಷ್ಟವೂ ಇದೆ. 1922ರ ಜೂನ್ 30ರಂದು ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು, ಮತ್ತು 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು ಅಲ್ಲೇ ಸುಟ್ಟುಹೋದವು. ಮುಖ್ಯ ಕಾರ್ಯದರ್ಶಿಯ ಕಚೇರಿಯ ಕಾಗದಗಳು ಕ್ಯಾಸಲ್‌ನ ಗೋಪುರದಲ್ಲಿ ಇದ್ದುದರಿಂದ ಬಚಾವಾದವು. ಹೀಗಾಗಿ ಅಂಚಿನ ಬದುಕಿನ ಎಷ್ಟೋ ಕುಟುಂಬಗಳ ಹೆಸರು, ಊರು, ಮಕ್ಕಳ ಸಂಖ್ಯೆ ಇಂದು ಅರ್ಜಿಯ ಸಾಲುಗಳಲ್ಲಷ್ಟೇ ಸಿಗುತ್ತವೆ.

ಇಡೀ ಅರ್ಜಿ ಒಂದೇ ವಾಕ್ಯ

ನಾನು ಎಡವಿದ್ದು ಇಲ್ಲಿ. ಆದ್ದರಿಂದ ನಿಧಾನವಾಗಿ ಬಿಡಿಸಿ ಬರೆಯುತ್ತೇನೆ, ಬೇಸರವಾದರೆ ಮುಂದಿನ ಭಾಗಕ್ಕೆ ಹೋಗಬಹುದು.

ಅರ್ಜಿಯ ತಲೆಯಲ್ಲಿ ಲಾರ್ಡ್ ಲೆಫ್ಟಿನೆಂಟನ ಬಿರುದುಗಳು ಇರುತ್ತವೆ. ಕೆಳಗೆ ‘ಇಂಥ ಊರಿನ ಇಂಥವಳ ವಿನಮ್ರ ಬಿನ್ನಹ’ ಎಂಬ ಸಾಲು, ಅದರ ಕೆಳಗೆ ‘ಅರಿಕೆ ಮಾಡುತ್ತದೆ’ ಎಂಬ ಅರ್ಥದ ಒಂದೇ ಪದ, ‘ಶ್ಯೂಯೆತ್’. ಆಮೇಲೆ ಬರುವ ಪ್ರತಿಯೊಂದು ಪ್ಯಾರಾ ದೊಡ್ಡ ಅಕ್ಷರದ ‘ದ್ಯಾಟ್’ ಎಂಬ ಪದದಿಂದ ಶುರುವಾಗುತ್ತದೆ. ನಾನು ಮಾಡಿಕೊಳ್ಳುತ್ತಿದ್ದ ಕನ್ನಡ ಟಿಪ್ಪಣಿಯಲ್ಲಿ ಈ ಪದವನ್ನು ‘ಆ’ ಎಂದು ಬರೆದುಕೊಂಡೆ. ‘ಆ ಅರ್ಜಿದಾರಳು ಬಡ ವಿಧವೆ’, ‘ಆ ಅರ್ಜಿದಾರಳಿಗೆ ಐವರು ಮಕ್ಕಳು’ ಎಂದೇ ಪುಟಗಟ್ಟಲೆ ತುಂಬಿಸಿದೆ. ಹಾಗೆ ಬರೆದುಕೊಂಡದ್ದನ್ನು ತಿರುಗಿ ಓದಿದಾಗ, ಯಾರೋ ಮೂರನೆಯವರು ಆ ಹೆಂಗಸಿನ ಪರವಾಗಿ ಬರೆಯುತ್ತಿದ್ದಾರೆ ಎನ್ನಿಸಿತು. ಆ ಮೂರನೆಯವರು ಯಾರೆಂದು ಎರಡು ದಿನ ಹುಡುಕಿದೆ. ಅಂಥವರು ಇರಲೇ ಇಲ್ಲ.

‘ದ್ಯಾಟ್’ ಇಲ್ಲಿ ‘ಎಂದು’ ಎಂಬುದರ ಕೆಲಸ ಮಾಡುತ್ತದೆ. ಕನ್ನಡದಲ್ಲಿ ‘ಎಂದು’ ಹೇಳಿಕೆಯ ಕೊನೆಯಲ್ಲಿ ಬಂದು ಅದನ್ನು ಕಟ್ಟಿ ನಿಲ್ಲಿಸುತ್ತದೆ. ಇಂಗ್ಲಿಷಿನಲ್ಲಿ ಅದು ಹೇಳಿಕೆಯ ಮುಂದೆ ನಿಲ್ಲುತ್ತದೆ. ಅಂದರೆ ಬಿನ್ನಹದ ಪ್ಯಾರಾಗಳೆಲ್ಲವೂ ‘ಅರಿಕೆ ಮಾಡುತ್ತದೆ’ ಎಂಬ ಒಂದೇ ಕ್ರಿಯಾಪದಕ್ಕೆ ನೇತುಬಿದ್ದ ಉಪವಾಕ್ಯಗಳು. ಅಭ್ಯಾಸಕ್ಕಾಗಿ ನಾನೇ ಒಂದು ಮಾದರಿ ಕಟ್ಟಿಕೊಂಡೆ. ಇದು ನಿಜವಾದ ಯಾವ ಅರ್ಜಿಯೂ ಅಲ್ಲ:

‘ಘನತೆವೆತ್ತ ಲಾರ್ಡ್ ಲೆಫ್ಟಿನೆಂಟರ ಸನ್ನಿಧಿಗೆ, ಇಂಥ ಊರಿನ ಇಂಥವಳ ವಿನಮ್ರ ಬಿನ್ನಹ. ಅರ್ಜಿದಾರಳ ಗಂಡನು ಬಟ್ಟೆ ಕದ್ದನೆಂಬ ಆಪಾದನೆಗೆ ಏಳು ವರ್ಷಗಳ ಗಡೀಪಾರು ಶಿಕ್ಷೆ ಹೊಂದಿದನೆಂದೂ, ಅದಕ್ಕೆ ಮುಂಚೆ ಅವನ ಮೇಲೆ ಯಾವ ದೂರೂ ಇರಲಿಲ್ಲವೆಂದೂ, ಅರ್ಜಿದಾರಳಿಗೆ ಎಳೆಯ ಮಕ್ಕಳು ಐವರೆಂದೂ, ಅವರನ್ನು ಸಾಕಲು ಬೇರೆ ದಾರಿ ಇಲ್ಲವೆಂದೂ ಅರಿಕೆ. ಆದಕಾರಣ ತಾವು ದಯವಿಟ್ಟು ಶಿಕ್ಷೆಯನ್ನು ಇಳಿಸಬೇಕಾಗಿ ಪ್ರಾರ್ಥನೆ. ಅರ್ಜಿದಾರಳು ಋಣಿಯಾಗಿ ಸದಾ ಪ್ರಾರ್ಥಿಸುವಳು.’

ಕನ್ನಡದ ‘ಎಂದೂ, ಎಂದೂ’ ಸರಣಿಯಲ್ಲಿ ಇಟ್ಟ ಕೂಡಲೇ ಅರ್ಜಿಯ ಎಲುಬುಗೂಡು ಕಾಣಿಸಿತು. ಅದರಲ್ಲಿ ಸಂಬೋಧನೆ, ಸಂಗತಿಗಳು, ಬೇಡಿಕೆ, ಮುಕ್ತಾಯ ಎಂಬ ನಾಲ್ಕು ಕೀಲುಗಳಿವೆ. ‘ಪ್ರಾರ್ಥನೆ’ ಎರಡು ಬಾರಿ ಬರುತ್ತದೆ ಎಂಬುದನ್ನು ಗಮನಿಸಬೇಕು. ಮೊದಲನೆಯದು ಸರಕಾರದ ಮುಂದೆ ಇಟ್ಟ ಬೇಡಿಕೆ; ಎರಡನೆಯದು ಅಧಿಕಾರಿಯ ಒಳಿತಿಗಾಗಿ ದೇವರಲ್ಲಿ ಸಲ್ಲಿಸುವುದು. ಎಷ್ಟೋ ಅರ್ಜಿಗಳಲ್ಲಿ ಈ ಕೊನೆಯ ಸಾಲು ‘ಸದಾ ಪ್ರಾರ್ಥಿಸುವಳು, ಇತ್ಯಾದಿ’ ಎಂದು ನಿಂತುಬಿಡುತ್ತದೆ. ಮುಂದಿನ ಹಾಳೆ ಕಳೆದುಹೋಗಿದೆ ಎಂದುಕೊಂಡಿದ್ದೆ. ಏನೂ ಕಳೆದಿಲ್ಲ, ಸೂತ್ರ ಎಲ್ಲರಿಗೂ ಬಾಯಿಪಾಠವಾಗಿದ್ದರಿಂದ ಪೂರ್ತಿ ಬರೆಯುವ ಗೋಜಿಗೆ ಹೋಗಿಲ್ಲ.

ಹಾಗಾಗಿ ‘ವಿನಮ್ರ’, ‘ಋಣಿ’, ‘ಸನ್ನಿಧಿ’ ಎಂಬ ಮಾತುಗಳಿಂದ ಐರಿಷ್ ರೈತನ ಮನಸ್ಸನ್ನು ಅಳೆಯಬಾರದು. ನಮ್ಮ ಶಾಲೆಯ ರಜಾ ಅರ್ಜಿಯ ಕೊನೆಯಲ್ಲಿ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆದವರಲ್ಲಿ ಎಷ್ಟು ಮಂದಿ ವಿಧೇಯರಾಗಿದ್ದೆವು ಎಂದು ನೆನೆಸಿಕೊಂಡರೆ ಸಾಕು.

ಮೂರನೆಯ ಪುರುಷ ಜಾರುವ ಜಾಗ

ಈಗ ನನ್ನ ಮೆಚ್ಚಿನ ಉಪಾಯ. ರೂಪದ ನಿಯಮದಂತೆ ಅರ್ಜಿದಾರರು ತಮ್ಮನ್ನು ‘ಅರ್ಜಿದಾರ’ ಎಂದೇ ಕರೆದುಕೊಳ್ಳಬೇಕು, ‘ನಾನು’ ಎನ್ನಕೂಡದು. ಆದರೆ ಉದ್ದದ ಅರ್ಜಿಗಳಲ್ಲಿ ಒಂದೊಂದು ಕಡೆ ಈ ಬಿಗಿ ಸಡಿಲವಾಗಿ ‘ನನ್ನ ಮಕ್ಕಳು’, ‘ನಾನು ಆ ರಾತ್ರಿ’ ಎಂಬ ಮಾತು ನುಸುಳುತ್ತದೆ. ಪೆನ್ಸಿಲ್ ಹಿಡಿದು ಅಂಥ ಜಾಗಗಳಿಗೆ ಮಾತ್ರ ಗೆರೆ ಎಳೆಯುತ್ತಾ ಹೋಗಿ. ಅಚ್ಚು ಒಡೆದು ಸಂಗತಿ ಹೊರಗೆ ಬಂದದ್ದು ಬಹುತೇಕ ಅಲ್ಲೇ ಇರುತ್ತದೆ. 1822ರ ದಂಗೆ ನಿಗ್ರಹ ಕಾಯಿದೆಯ ಪ್ರಕಾರ, ಗಲಭೆಪೀಡಿತವೆಂದು ಘೋಷಿಸಿದ ಪ್ರದೇಶಗಳಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸಕಾರಣವಿಲ್ಲದೆ ಮನೆಯಿಂದ ಹೊರಗಿದ್ದವರಿಗೆ ಏಳು ವರ್ಷ ಗಡೀಪಾರು ಕಾದಿತ್ತು. ಹೀಗೆ ಸಿಕ್ಕಿಬಿದ್ದವರ ಪರವಾದ ಅರ್ಜಿಗಳ ಜೀವಾಳವೇ ‘ಆ ರಾತ್ರಿ ಯಾಕೆ ಹೊರಗಿದ್ದೆ’ ಎಂಬ ಕಥೆ. ಅದನ್ನು ಹೇಳಹೊರಟಾಗ ಮೂರನೆಯ ಪುರುಷವನ್ನು ಕೊನೆಯವರೆಗೆ ಕಾಪಾಡಿಕೊಳ್ಳುವುದು ಕಷ್ಟ.

ಆದರೆ ಈ ಉಪಾಯವನ್ನು ಕುರುಡಾಗಿ ನಂಬಿದ್ದಕ್ಕೆ ನನಗೆ ಎರಡನೆಯ ಪೆಟ್ಟು ಬಿತ್ತು. ಜಾರಿದ್ದು ಯಾರ ಲೇಖನಿ? 1841ರ ಜನಗಣತಿಯಲ್ಲಿ ಐದು ವರ್ಷ ಮೇಲ್ಪಟ್ಟವರಲ್ಲಿ ಶೇಕಡ 53ರಷ್ಟು ಮಂದಿಗೆ ಓದಲೂ ಬರೆಯಲೂ ಬರುತ್ತಿರಲಿಲ್ಲ. ಸರಕಾರದ ನೆರವಿನ ರಾಷ್ಟ್ರೀಯ ಶಾಲೆಗಳು ಶುರುವಾದದ್ದೇ 1831ರಲ್ಲಿ. ಅದಕ್ಕಿಂತ ಹೆಚ್ಚಿನ ತೊಡಕು ಭಾಷೆಯದು. ಕ್ಷಾಮ ಕಳೆದ ಮೇಲೂ, 1851ರಲ್ಲಿ, ಐರಿಷ್ ಬಲ್ಲವರು ಸುಮಾರು 15 ಲಕ್ಷ ಮಂದಿ ಇದ್ದರು. ಅವರಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲ. ಕ್ಯಾಸಲ್ ಓದುತ್ತಿದ್ದದ್ದು ಇಂಗ್ಲಿಷನ್ನು. ಆದ್ದರಿಂದ ಹಳ್ಳಿಯ ಮೇಷ್ಟ್ರು, ಪಾದ್ರಿ, ವಕೀಲರ ಗುಮಾಸ್ತ, ಅಕ್ಷರ ಬಲ್ಲ ನೆರೆಯವನು ಇವರಲ್ಲಿ ಒಬ್ಬರು ಬರೆದುಕೊಡುತ್ತಿದ್ದರು, ಅರ್ಜಿದಾರರು ಕೆಳಗೆ ಗುಣಿಸು ಗುರುತು ಹಾಕುತ್ತಿದ್ದರು. ಲ್ಯಾಟಿನ್ ಪದಗಳನ್ನೂ ಮೂರು ಮಾರುದ್ದದ ಸಮಾಸಗಳನ್ನೂ ತುರುಕಿದ ಅರ್ಜಿ ಕಂಡರೆ ಅದು ಪಾಂಡಿತ್ಯ ಮೆರೆಸುವ ಮೇಷ್ಟ್ರ ಕೈಬರಹವಿರಬಹುದು ಎಂದು ಈಗ ಮೊದಲೇ ಅನುಮಾನಿಸುತ್ತೇನೆ. ಹೇಳಿದವಳ ಮಾತನ್ನು ಅವರು ಬರೆಯುತ್ತ ಬರೆಯುತ್ತ ತಮ್ಮದಾಗಿಸಿಕೊಂಡದ್ದೂ ಉಂಟು, ಅವಳ ಬಾಯಿಂದ ಬಂದ ಹಾಗೇ ಇಳಿಸಿದ್ದೂ ಉಂಟು. ‘ನಾನು’ ಎಂಬ ಪದ ಬಂದ ಸಾಲಿನಲ್ಲಿ ಊರಿನ, ವಸ್ತುವಿನ, ಹಣದ ನಿಖರ ವಿವರವೂ ಜೊತೆಗೆ ಬಂದರೆ ಅದು ಹೇಳಿದವರದು ಎಂದು ಸದ್ಯಕ್ಕೆ ಎಣಿಸುತ್ತಿದ್ದೇನೆ.

ಪಕ್ಕದಲ್ಲಿಟ್ಟು ಓದಬೇಕಾದ ಇನ್ನೊಂದು ಬಗೆಯ ಪತ್ರವಿದೆ. 1821ರಿಂದ 1824ರವರೆಗೆ ದಕ್ಷಿಣದ ಮನ್‌ಸ್ಟರ್ ಪ್ರಾಂತದಲ್ಲಿ ‘ಕ್ಯಾಪ್ಟನ್ ರಾಕ್’ ಎಂಬ ಕಲ್ಪಿತ ನಾಯಕನ ಹೆಸರಲ್ಲಿ ಬಾಗಿಲಿಗೆ ಅಂಟಿಸಿದ ಬೆದರಿಕೆ ಕಾಗದಗಳು ಸರಕಾರಿ ಘೋಷಣೆಯ ಭಾಷೆಯನ್ನೇ ಅಣಕಿಸಿ ಬಳಸಿದವು. ಕ್ಯಾಸಲ್ ಅವನ್ನೂ ಜತನದಿಂದ ಕಡತದಲ್ಲಿಟ್ಟಿದೆ. ಬಗ್ಗಿ ಬೇಡುವ ಮಾತನ್ನೂ ಗುಡುಗುವ ಮಾತನ್ನೂ ಒಂದೇ ಹಳ್ಳಿಯ ಜನ ಬಲ್ಲವರಾಗಿದ್ದರು.

ಕಾಗದದ ಬೆನ್ನು

ಅರ್ಜಿಯ ಮುಖ ಓದಿ ಮುಗಿಸುವವರು ಅರ್ಧ ಮಾತ್ರ ಓದಿದ ಹಾಗೆ. ಕಚೇರಿಯಲ್ಲಿ ಕಾಗದವನ್ನು ಉದ್ದಕ್ಕೆ ಮಡಚಿ, ಹೊರಮೈಯಲ್ಲಿ ಹೆಸರು, ದಿನಾಂಕ, ವಿಷಯ ಬರೆಯುತ್ತಿದ್ದರು. ಅದರ ಕೆಳಗೇ ಅಧಿಕಾರಿಗಳ ಚುಟುಕು ಆದೇಶ ಇರುತ್ತದೆ. ಶಿಕ್ಷೆಯ ಮಾತಾದರೆ ತೀರ್ಪು ಕೊಟ್ಟ ನ್ಯಾಯಾಧೀಶನ ವರದಿ ತರಿಸುತ್ತಿದ್ದರು, ಬೇರೆ ವಿಷಯವಾದರೆ ಸ್ಥಳೀಯ ಮ್ಯಾಜಿಸ್ಟ್ರೇಟನಿಗೋ ಪೊಲೀಸ್ ಅಧಿಕಾರಿಗೋ ವಿಚಾರಣೆಗೆ ಕಳಿಸುತ್ತಿದ್ದರು. ಇದರ ಅರ್ಥ, ಯಾರ ಮೇಲೆ ದೂರಿದ್ದರೋ ಕೆಲವೊಮ್ಮೆ ಅವರ ಕೈಗೇ ಅರ್ಜಿ ಮರಳುತ್ತಿತ್ತು. ಕ್ಷಮೆ ಸಿಗದಿದ್ದರೆ ‘ಕಾನೂನು ತನ್ನ ದಾರಿ ಹಿಡಿಯಲಿ’ ಎಂಬ ಒಂದು ಸಾಲಿನ ಷರಾ ಸಾಕಾಗುತ್ತಿತ್ತು.

ಲಾರ್ಡ್ ಲೆಫ್ಟಿನೆಂಟ್ ಬದಲಾದರೆ ಷರಾದ ಧಾಟಿಯೂ ಬದಲಾಗುತ್ತದೆ. 1835ರಿಂದ 1839ರವರೆಗೆ ಆ ಹುದ್ದೆಯಲ್ಲಿದ್ದ ಮಲ್‌ಗ್ರೇವ್ ಪ್ರಭು ತನ್ನ ಪ್ರವಾಸಗಳಲ್ಲಿ ಜೈಲಿನ ಕೈದಿಗಳನ್ನು ಧಾರಾಳವಾಗಿ ಬಿಡಿಸಿದನೆಂದು ವಿರೋಧಿಗಳು ಕಿಡಿಕಾರಿದರು; 1839ರಲ್ಲಿ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಅವನ ಆಡಳಿತದ ಕಾಲದ ಅಪರಾಧಗಳ ಬಗ್ಗೆ ವಿಚಾರಣಾ ಸಮಿತಿಯನ್ನೇ ನೇಮಿಸಿತು.

ಇದಕ್ಕೆ ಎದುರು ತುದಿಯಲ್ಲಿರುವುದು ಮೈಲ್ಸ್ ಜಾಯ್ಸ್ ಪ್ರಕರಣ. 1882ರ ಆಗಸ್ಟಿನಲ್ಲಿ ಗಾಲ್ವೇ ಮತ್ತು ಮೇಯೋ ಗಡಿಯ ಮಾಮ್‌ಟ್ರಾಸ್ನಾದಲ್ಲಿ ಒಂದೇ ಕುಟುಂಬದ ಐವರ ಕೊಲೆಯಾಯಿತು. ಐರಿಷ್ ಮಾತ್ರ ಬಲ್ಲ ಜಾಯ್ಸ್‌ನ ವಿಚಾರಣೆ ಡಬ್ಲಿನ್ನಿನಲ್ಲಿ ಇಂಗ್ಲಿಷಿನಲ್ಲಿ ನಡೆಯಿತು. ಅವನೊಂದಿಗೆ ನೇಣಿಗೆ ಗುರಿಯಾಗಿದ್ದ ಇಬ್ಬರೂ ಅವನು ನಿರಪರಾಧಿ ಎಂದು ಹೇಳಿಕೆ ಕೊಟ್ಟರು. ಆದರೂ ಲಾರ್ಡ್ ಲೆಫ್ಟಿನೆಂಟ್ ಸ್ಪೆನ್ಸರ್ ತೀರ್ಮಾನ ಬದಲಿಸಲಿಲ್ಲ. ಅವನ ಉತ್ತರದಲ್ಲಿ ಅದೇ ಹಳೆಯ ಸಾಲು, ಕಾನೂನು ತನ್ನ ದಾರಿ ಹಿಡಿಯಬೇಕು ಎಂಬುದು. ಡಿಸೆಂಬರ್ 15ರಂದು ಗಾಲ್ವೇ ಜೈಲಿನಲ್ಲಿ ಮೂವರನ್ನೂ ಗಲ್ಲಿಗೇರಿಸಿದರು. 2018ರಲ್ಲಿ ಐರ್ಲೆಂಡಿನ ಅಧ್ಯಕ್ಷರು ಮೈಲ್ಸ್ ಜಾಯ್ಸ್‌ಗೆ ಮರಣೋತ್ತರ ಕ್ಷಮೆ ನೀಡಿದರು. ಷರಾದ ಒಂದು ಸಾಲನ್ನು ಎಷ್ಟು ನಿಧಾನವಾಗಿ ಓದಬೇಕೆಂದು ನನಗೆ ಗೊತ್ತಾದದ್ದು ಈ ಪ್ರಕರಣದಿಂದ.

ಸಂಖ್ಯೆ ಜರುಗುವುದು

ಕೊನೆಗೆ ಹುಡುಕುವವರಿಗೆ ಒಂದು ಮಾತು. 1818ರಿಂದ ಮುಂದಕ್ಕೆ ಕಚೇರಿಗೆ ಬಂದ ಕಾಗದಗಳನ್ನು ನೋಂದಾಯಿಸಿ ಸಂಖ್ಯೆ ಕೊಟ್ಟ ಕಡತಗಳಿವೆ. ಅದೇ ವಿಷಯದ ಬಗ್ಗೆ ಮತ್ತೊಂದು ಕಾಗದ ಬಂದರೆ, ಹಳೆಯದನ್ನು ಅದರ ಜಾಗದಿಂದ ಎತ್ತಿ ಹೊಸದರ ಜೊತೆಗೆ ಹೊಸ ಸಂಖ್ಯೆಯಡಿ ಇಡುವುದು ಅಲ್ಲಿಯ ರೂಢಿ. ಎತ್ತಿಟ್ಟ ಗುರುತು ನೋಂದಣಿ ಪುಸ್ತಕದಲ್ಲಿ ಇರುತ್ತದೆ. ಒಂದು ಕಾಗದ ಹೀಗೆ ನಾಲ್ಕೈದು ಬಾರಿ ಜರುಗಿ, ಹುಟ್ಟಿದ ವರ್ಷಕ್ಕೂ ಈಗಿರುವ ವರ್ಷಕ್ಕೂ ಸಂಬಂಧವೇ ಇಲ್ಲದ ಹಾಗಾಗಿರಬಹುದು. ಮೊದಲ ಸಂಖ್ಯೆಯಲ್ಲಿ ಅರ್ಜಿ ಸಿಗದಿದ್ದಾಗ ಕಳೆದುಹೋಗಿದೆ ಎಂದು ಬರೆದುಕೊಂಡು ನಾನು ಮುಂದೆ ಹೋಗಿಬಿಡುತ್ತಿದ್ದೆ. ಈಗ ಅಂಥ ಖಾಲಿ ಜಾಗ ಕಂಡ ಕೂಡಲೇ, ಅದೇ ವಿಷಯಕ್ಕಾಗಿ ಇನ್ನೊಂದು ಕಾಗದ ಬಂದಿತ್ತೇ ಎಂದು ನೋಂದಣಿ ಪುಸ್ತಕದಲ್ಲಿ ಮುಂದಿನ ಸಂಖ್ಯೆಯ ಬೆನ್ನು ಹತ್ತುತ್ತೇನೆ.

ಮುಂದೆ ಓದಲು ಎತ್ತಿಟ್ಟಿರುವುದು ಗಡೀಪಾರಾದವರ ಹೆಂಡತಿಯರು, ಗಂಡಂದಿರನ್ನು ಕಳಿಸಿದ್ದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಪುಕ್ಕಟೆ ಹಡಗುಪ್ರಯಾಣ ಕೇಳಿ ಬರೆದ ಅರ್ಜಿಗಳನ್ನು. ಗಂಡನ ಶಿಕ್ಷೆ ಇಳಿಸಿ ಎಂದು ಮೊದಲು ಬೇಡಿ, ಅದು ಆಗದೆ ಹೋದಾಗ ನನ್ನನ್ನೂ ಅಲ್ಲಿಗೇ ಕಳಿಸಿ ಎಂದು ಬೇಡಿದ ಒಬ್ಬಳೇ ಹೆಂಗಸಿನ ಎರಡೂ ಕಾಗದಗಳು ಸಿಕ್ಕರೆ, ಯಾವುದರಲ್ಲಿ ಮೂರನೆಯ ಪುರುಷ ಬೇಗ ಜಾರುತ್ತದೆ ಎಂದು ನೋಡಬೇಕಾಗಿದೆ.